ಗೇಟಿನ ಹೊರಗಿನ ಬಾಕಿ



ಇಂಥ ಸಮ್ಮೇಳನಗಳಲ್ಲಿ ಆಶಯ ಭಾಷಣಕ್ಕೆ ಸಾಹಿತಿಗಳನ್ನೋ ವಿಜ್ಞಾನಿಗಳನ್ನೋ ಕರೆಯುವುದು ವಾಡಿಕೆ. ಈ ಸಲ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ಕರೆದಿದ್ದೀರಿ. ನಾನು ಇತಿಹಾಸಕಾರನಲ್ಲ. ಹಳೆಯ ಕಡತ ತೆರೆದು "ಇದರ ದುಡ್ಡು ಯಾರು ಕೊಟ್ಟರು, ಯಾವ ಖಾತೆಯಿಂದ ಕೊಟ್ಟರು" ಎಂದು ಕೇಳುವುದು ಮಾತ್ರ ನನಗೆ ಅಭ್ಯಾಸ. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ನಮ್ಮ ಪ್ರಿನ್ಸಿಪಲ್ ಹೇಳಿಕೊಟ್ಟಿದ್ದು ಅಷ್ಟೇ: ಮೊದಲು ವೋಚರ್ ನೋಡು, ಆಮೇಲೆ ಕಥೆ ಕೇಳು. ಇವತ್ತು ನಾನು ಹೇಳಹೊರಟಿರುವ ಇತಿಹಾಸವನ್ನೂ ಹಾಗೆಯೇ ಓದಿದೆ.

ಓದಲು ಕಾರಣವಾದವರು ನಮ್ಮ ಅಮ್ಮ. 2016ರ ಬೇಸಿಗೆಯಲ್ಲಿ ಅವರು ಕ್ಯಾಲಿಫೋರ್ನಿಯಾಗೆ ಬಂದಿದ್ದರು. ಒಂದು ದಿನ ಸ್ಟ್ಯಾನ್‌ಫರ್ಡ್ ತೋರಿಸೋಣವೆಂದು ಕ್ಯಾಲ್‌ಟ್ರೇನ್‌ನಲ್ಲಿ ಕರೆದುಕೊಂಡು ಹೋದೆ. ಪಾಲೋ ಆಲ್ಟೋ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಕ್ಯಾಂಪಸ್ಸಿನ ಬಸ್ಸು ನಿಂತಿರುತ್ತದೆ. ಹೆಸರು ಮಾರ್ಗರೀಟ್. ವಿದ್ಯಾರ್ಥಿಯಾಗಲಿ, ದಾರಿಹೋಕನಾಗಲಿ, ಯಾರು ಹತ್ತಿದರೂ ಟಿಕೆಟ್ ಇಲ್ಲ. ಅಮ್ಮ ಮೂವತ್ತು ವರ್ಷ ಮೇಷ್ಟ್ರ ಕೆಲಸಕ್ಕೆ ಬಿಟಿಎಸ್ ಬಸ್ಸಿನಲ್ಲಿ ಮಂತ್ಲಿ ಪಾಸ್ ಇಟ್ಟುಕೊಂಡು ಓಡಾಡಿದವರು. ಹತ್ತಿದವರೇ ಪರ್ಸ್ ತೆಗೆದರು. ಬೇಡಮ್ಮ, ಫ್ರೀ ಎಂದೆ. ಕಿಟಕಿ ಪಕ್ಕ ಕೂತು, ಆ ತಾಳೆಮರಗಳ ಸಾಲು ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದರು: "ಅಲ್ಲ ಕಣೋ, ಪುಕ್ಕಟೆ ಬಸ್ಸು ಅಂದ್ರೆ ಇದಕ್ಕೆ ಡೀಸೆಲ್ ಯಾರು ಹಾಕಿಸ್ತಾರೆ?"

ಯೂನಿವರ್ಸಿಟಿಯವರು ಎಂದೆ. "ಅವರಿಗೇನು ಕರ್ಮ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನಿಗೆ ಇದು ಸ್ವಲ್ಪ ಅವಮಾನದ ವಿಷಯ. ಮನೆಗೆ ಬಂದು ಓದಲು ಶುರುಮಾಡಿದೆ.

ಮಾರ್ಗರೀಟ್ ಎಂಬುದು ಒಂದು ಕುದುರೆಯ ಹೆಸರು. ಲೀಲ್ಯಾಂಡ್ ಮತ್ತು ಜೇನ್ ಸ್ಟ್ಯಾನ್‌ಫರ್ಡ್ ದಂಪತಿ ತಮ್ಮ ಕುದುರೆ ಸಾಕುವ ಹೊಲದಲ್ಲಿ ಕಟ್ಟಿಸಿದ ವಿಶ್ವವಿದ್ಯಾಲಯ 1891ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಆ ಕಾಲದಲ್ಲಿ ಊರಿಗೂ ಕ್ಯಾಂಪಸ್ಸಿಗೂ ನಡುವೆ ಜನರನ್ನು ಹೊತ್ತೊಯ್ಯುವ ಗಾಡಿಯನ್ನು ಎಳೆಯುತ್ತಿದ್ದ ಕುದುರೆ ಅದು. ನಮ್ಮೂರಿನ ಜಟಕಾ ಎಂದುಕೊಳ್ಳಿ. ಕೂತವರು ಕಾಸು ಕೊಡುತ್ತಿದ್ದರು, ಗಾಡಿಯವನು ಹುಲ್ಲು ಹಾಕುತ್ತಿದ್ದ. ಲೆಕ್ಕ ಸರಳವಾಗಿತ್ತು.

ಲೆಕ್ಕ ಕೆಟ್ಟದ್ದು ಕಾರು ಬಂದ ಮೇಲೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳು ಬೆಳೆದ ರೀತಿ ನಿಮಗೆ ಗೊತ್ತು. ಹೊಸ ಕಟ್ಟಡ ಬಂದಂತೆಲ್ಲ ಪಕ್ಕದಲ್ಲಿ ಹೊಸ ಪಾರ್ಕಿಂಗ್ ಲಾಟ್ ಬಂತು. ನಿಲ್ಲಿಸುವವನಿಂದ ತೆಗೆದುಕೊಳ್ಳುತ್ತಿದ್ದದ್ದು ಏನೂ ಇಲ್ಲ, ಇಲ್ಲವೇ ನಾಮಕಾವಸ್ತೆ ಶುಲ್ಕ. ಹಾಗಾದರೆ ಡಾಂಬರು ಯಾರದು, ಭೂಮಿ ಯಾರದು, ಬೆಳಿಗ್ಗೆ ಎಂಟಕ್ಕೆ ಊರಿನ ಸಿಗ್ನಲ್‌ನಲ್ಲಿ ನಿಲ್ಲುವ ಪಕ್ಕದ ಬೀದಿಯವರ ಹೊತ್ತು ಯಾರದು? ಇವೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಪಾಠ ಮಾಡುತ್ತಿದ್ದ ಡೊನಾಲ್ಡ್ ಶೂಪ್ ಎಂಬ ಅರ್ಥಶಾಸ್ತ್ರಜ್ಞ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಒಂದು ಪ್ರಶ್ನೆಗೆ ಮುಡಿಪಿಟ್ಟರು. 2005ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ದ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್'. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ, ಪಾರ್ಕಿಂಗ್ ಬಗ್ಗೆ ಬರೆದ ಮನುಷ್ಯನಿಗೆ ಇಷ್ಟೊಂದು ಅಭಿಮಾನಿಗಳೇ ಎಂದು ನನಗೇ ಆಶ್ಚರ್ಯವಾಯಿತು.

ಈ ಮರೆತುಹೋದ ಬಾಕಿಯನ್ನು ಮೊದಲು ಹೊತ್ತುಕೊಂಡವರಲ್ಲಿ ವಿದ್ಯಾರ್ಥಿಗಳಿದ್ದರು ಎಂಬುದು ಈ ಇತಿಹಾಸದ ಸ್ವಾರಸ್ಯ. 1968ರಲ್ಲಿ ಯುಸಿ ಡೇವಿಸ್‌ನ ವಿದ್ಯಾರ್ಥಿ ಸಂಘ ಲಂಡನ್ನಿನಿಂದ ಎರಡು ಹಳೆಯ ಡಬಲ್ ಡೆಕರ್ ಬಸ್ಸುಗಳನ್ನು ತರಿಸಿ ತಾನೇ ಸಾರಿಗೆ ಸಂಸ್ಥೆ ಶುರುಮಾಡಿತು. ಯೂನಿಟ್ರಾನ್ಸ್ ಎಂಬ ಆ ಸಂಸ್ಥೆ ಇವತ್ತಿಗೂ ಇದೆ, ಬಸ್ಸು ಓಡಿಸುವವರಲ್ಲಿ ಇವತ್ತಿಗೂ ವಿದ್ಯಾರ್ಥಿಗಳಿದ್ದಾರೆ, ಇಡೀ ಡೇವಿಸ್ ಊರು ಅದರಲ್ಲಿ ಓಡಾಡುತ್ತದೆ. ದುಡ್ಡಿನ ಒಂದು ದೊಡ್ಡ ಪಾಲು ವಿದ್ಯಾರ್ಥಿಗಳು ಕಟ್ಟುವ ಶುಲ್ಕದಿಂದ ಬರುತ್ತದೆ. ಇಲ್ಲಿ ಕೂತಿರುವ ಎಷ್ಟೋ ಜನ ಎಂಎಸ್ ಮಾಡಲು ಬಂದವರು. ನಿಮ್ಮ ಹಳೆಯ ಫೀ ರಸೀದಿ ಇದ್ದರೆ ತೆಗೆದು ನೋಡಿ. ಟ್ಯೂಷನ್ ಕೆಳಗೆ ಹೆಲ್ತ್ ಫೀ, ರಿಕ್ರಿಯೇಷನ್ ಫೀ ಜೊತೆಗೆ ಟ್ರಾನ್ಸ್‌ಪೋರ್ಟೇಶನ್ ಫೀ ಎಂಬ ಪುಟ್ಟ ಸಾಲೊಂದು ಇದ್ದರೂ ಇರಬಹುದು. ಐಡಿ ಕಾರ್ಡ್ ತೋರಿಸಿ "ಫ್ರೀ"ಯಾಗಿ ಬಸ್ ಹತ್ತಿದ ನೆನಪು ನಿಮಗಿರುತ್ತದೆ. ಕಟ್ಟಿದ ನೆನಪು ಇರುವುದಿಲ್ಲ.

ಸಿಯಾಟಲ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಬೆಳೆಯುತ್ತಲೇ ಇತ್ತು, ಅಕ್ಕಪಕ್ಕದ ಬಡಾವಣೆಯವರು ಗೊಣಗುತ್ತಲೇ ಇದ್ದರು. 1983ರಲ್ಲಿ ನಗರಕ್ಕೂ ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಯಿತು: ನೀವು ಕಟ್ಟಬಹುದು, ಆದರೆ ಕಾರುಗಳ ಸಂಖ್ಯೆಗೆ ಒಂದು ಮಿತಿ. ಪಾರ್ಕಿಂಗ್ ಜಾಗ 12,300 ದಾಟಬಾರದು ಎಂಬ ಸಂಖ್ಯೆ ಅವರ ಮಾಸ್ಟರ್ ಪ್ಲಾನುಗಳಲ್ಲಿ ಬಹುಕಾಲ ಉಳಿದುಕೊಂಡು ಬಂದಿತ್ತು. ಮಿತಿಯೊಳಗೆ ಉಳಿಯುವುದು ಹೇಗೆ? 1991ರಲ್ಲಿ ಯು-ಪಾಸ್ ಬಂತು. ಒಂದು ಕೈಯಲ್ಲಿ ಅಗ್ಗದ ಬಸ್ ಪಾಸ್ ಕೊಟ್ಟರು, ಇನ್ನೊಂದು ಕೈಯಲ್ಲಿ ಪಾರ್ಕಿಂಗ್ ದರ ಏರಿಸಿದರು, ಏರಿಸಿದ ಹಣವನ್ನು ಪಾಸಿಗೆ ಸುರಿದರು. ಕಾರಿನಲ್ಲಿ ಬರುವವನು ಬಸ್ಸಿನಲ್ಲಿ ಬರುವವನಿಗೆ ಕೊಡುತ್ತಾನೆ, ಏಕೆಂದರೆ ಬಸ್ಸಿನವನು ಇವನಿಗೆ ಒಂದು ಜಾಗ ಬಿಟ್ಟುಕೊಟ್ಟಿದ್ದಾನೆ. ನನ್ನ ವೃತ್ತಿಯ ಭಾಷೆಯಲ್ಲಿ ಇದಕ್ಕೆ ಕ್ರಾಸ್ ಸಬ್ಸಿಡಿ ಎನ್ನುತ್ತಾರೆ, ಸಾಮಾನ್ಯವಾಗಿ ಮೂಗು ಮುರಿದುಕೊಂಡು ಹೇಳುತ್ತಾರೆ. ಇಲ್ಲಿ ಮಾತ್ರ ಅದು ಸಬ್ಸಿಡಿಯೇ ಅಲ್ಲ, ತಡವಾಗಿ ಕೊಟ್ಟ ಬೆಲೆ.

ಈಗ ಮತ್ತೆ ಅಮ್ಮನ ಬಸ್ಸಿಗೆ ಬರೋಣ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ.

ಸ್ಟ್ಯಾನ್‌ಫರ್ಡ್‌ಗೆ ಎಂಟು ಸಾವಿರ ಎಕರೆಗೂ ಮೀರಿದ ಭೂಮಿಯಿದೆ. ಕ್ಯಾಂಪಸ್ಸಿನ ಬಹುಪಾಲು ಯಾವ ನಗರಸಭೆಗೂ ಸೇರಿಲ್ಲ. ಸಾಂತಾ ಕ್ಲಾರಾ ಕೌಂಟಿಯ ಅಧೀನದಲ್ಲಿದೆ. ಹಾಗಾಗಿ ಕಟ್ಟಡಕ್ಕೆ ಅನುಮತಿ ಕೌಂಟಿಯಿಂದ ಬರಬೇಕು. 2000ದ ಡಿಸೆಂಬರ್‌ನಲ್ಲಿ ಕೌಂಟಿಯ ಮೇಲ್ವಿಚಾರಕರ ಮಂಡಳಿ ಒಂದು ದೊಡ್ಡ ಅನುಮತಿ ಕೊಟ್ಟಿತು. ಅದರ ಹೆಸರು ಜನರಲ್ ಯೂಸ್ ಪರ್ಮಿಟ್. ಇಪ್ಪತ್ತು ಲಕ್ಷ ಚದರಡಿಗಿಂತ ಸ್ವಲ್ಪ ಹೆಚ್ಚು ಶೈಕ್ಷಣಿಕ ಕಟ್ಟಡ, ಜೊತೆಗೆ ಸುಮಾರು ಮೂರು ಸಾವಿರ ವಸತಿ. ಬೆಂಗಳೂರಿನ ದೊಡ್ಡ ಟೆಕ್ ಪಾರ್ಕನ್ನು ನೆನೆಸಿಕೊಳ್ಳಿ, ಅಂಥದ್ದು.

ಇಂಥ ಅನುಮತಿಗೆ ಪ್ರತಿಯಾಗಿ ರಸ್ತೆ ಅಗಲ ಮಾಡಿಸಿ, ಸಿಗ್ನಲ್ ಹಾಕಿಸಿ ಎಂದು ಪಟ್ಟಿ ಕೊಡುವುದು ಎಲ್ಲ ಕಡೆಯ ರೂಢಿ. ಕೌಂಟಿ ಇಲ್ಲಿ ಇನ್ನೊಂದು ದಾರಿಯನ್ನೂ ತೆರೆದಿಟ್ಟಿತು. ನೀವು ಈ ಅನುಮತಿಯೊಳಗೆ ಕಟ್ಟಿ, ಆದರೆ ಬೆಳಿಗ್ಗೆ ಅತಿ ದಟ್ಟಣೆಯ ಒಂದು ಗಂಟೆಯಲ್ಲಿ ಒಳಬರುವ ಕಾರು, ಸಂಜೆಯ ಒಂದು ಗಂಟೆಯಲ್ಲಿ ಹೊರಹೋಗುವ ಕಾರು, ಈಗಿರುವುದಕ್ಕಿಂತ ಹೆಚ್ಚಾಗಬಾರದು. ಮೊದಲ ಎಣಿಕೆ 2001ರಲ್ಲಿ ನಡೆಯಿತು. ಬೆಳಿಗ್ಗೆ ಸುಮಾರು 3,300, ಸಂಜೆ ಸುಮಾರು 3,400. ಇದೇ ಆರಂಭಿಕ ಶಿಲ್ಕು. ಆಮೇಲೆ ವರ್ಷ ವರ್ಷ ಕ್ಯಾಂಪಸ್ಸಿನ ಸುತ್ತ ಒಂದು ಗೆರೆ ಎಳೆದಂತೆ ಮಾಡಿ, ಆ ಗೆರೆ ದಾಟುವ ಪ್ರತಿ ರಸ್ತೆಯಲ್ಲೂ ವಾರಗಟ್ಟಲೆ ಎಣಿಸಿದರು. ಕ್ಯಾಂಪಸ್ಸಿನೊಳಗಿಂದ ಸುಮ್ಮನೆ ಹಾದುಹೋಗುವವರನ್ನು ನಂಬರ್ ಪ್ಲೇಟ್ ಹೊಂದಿಸಿ ಕಳೆದರು. ಆಸ್ಪತ್ರೆಗೆ ಬಂದವರನ್ನು ಕಳೆದರು. ಮೂರು ವರ್ಷಗಳಲ್ಲಿ ಎರಡು ವರ್ಷ ಮಿತಿ ಮೀರಿದರೆ ಸುತ್ತಲಿನ ವೃತ್ತಗಳನ್ನು ಸರಿಪಡಿಸುವ ಪಾಲಿನ ಹಣ ಕಟ್ಟಬೇಕು. ಗೆರೆಯ ಹೊರಗೆ ಎಲ್ಲಾದರೂ ವಿಶ್ವವಿದ್ಯಾಲಯದ ಪ್ರಯತ್ನದಿಂದ ಕಾರು ಕಡಿಮೆಯಾದರೆ ಅದಕ್ಕೆ ಕ್ರೆಡಿಟ್.

ಇದನ್ನು ಓದಿದಾಗ ನನಗೆ ಕೈ ಜೋಡಿಸಬೇಕೆನಿಸಿತು. ಓಪನಿಂಗ್ ಬ್ಯಾಲೆನ್ಸ್ ಇದೆ, ವರ್ಷಾವಧಿ ಆಡಿಟ್ ಇದೆ, ಡಿಡಕ್ಷನ್ ಇದೆ, ಕ್ರೆಡಿಟ್ ನೋಟ್ ಇದೆ, ಮಿತಿ ಮೀರಿದರೆ ಬೀಳುವ ಕಂಟಿಂಜೆಂಟ್ ಲಯಬಿಲಿಟಿ ಇದೆ. ಯಾರೋ ನಮ್ಮವರೇ ಕೂತು ಬರೆದಿರಬೇಕು! ಮುಖ್ಯವಾದದ್ದು, ಹೇಗೆ ಮಾಡಬೇಕೆಂದು ಕೌಂಟಿ ಹೇಳಲಿಲ್ಲ. ಫಲಿತಾಂಶ ಮಾತ್ರ ಕೇಳಿತು.

ಅಲ್ಲಿಂದ ವಿಶ್ವವಿದ್ಯಾಲಯದ ಹಣಕಾಸಿನವರ ತಲೆ ಓಡಿತು. ಹೊಸ ಕಟ್ಟಡಗಳೆಲ್ಲ ಬಹುಮಟ್ಟಿಗೆ ಹಳೆಯ ಪಾರ್ಕಿಂಗ್ ಲಾಟ್‌ಗಳ ಮೇಲೆಯೇ ಏಳಬೇಕು. ಕಳೆದುಹೋದ ಜಾಗಕ್ಕೆ ಬದಲಾಗಿ ಬಹುಮಹಡಿ ಪಾರ್ಕಿಂಗ್ ಕಟ್ಟಿದರೆ ಒಂದೊಂದು ಕಾರಿನ ಜಾಗಕ್ಕೆ ಹತ್ತಾರು ಸಾವಿರ ಡಾಲರ್. ಅದೇ ಒಬ್ಬ ನೌಕರನಿಗೆ "ನೀನು ಕಾರು ತರಬೇಡ, ವರ್ಷಕ್ಕೆ ಇಷ್ಟು ನೂರು ಡಾಲರ್ ತಗೋ" ಎಂದರೆ? ಸಾಲದ ಬಡ್ಡಿಗಿಂತ ಅದೇ ಅಗ್ಗ. ಇದೇ ಲೆಕ್ಕದ ಯೋಜನೆಗೆ ಕ್ಲೀನ್ ಏರ್ ಕ್ಯಾಶ್ ಎಂದು ಹೆಸರು. ಹೆಸರಿನಲ್ಲಿ ಶುದ್ಧ ಗಾಳಿ ಇದ್ದರೂ ಒಳಗಿದ್ದದ್ದು ಕಾಂಕ್ರೀಟಿನ ಬೆಲೆ. ಪಾರ್ಕಿಂಗ್ ಪರ್ಮಿಟ್‌ನ ದರ ಏರುತ್ತಾ ಹೋಯಿತು. ಅರ್ಹ ನೌಕರರೆಲ್ಲರಿಗೂ ಕ್ಯಾಲ್‌ಟ್ರೇನ್‌ನ ಗೋ ಪಾಸ್ ಒಟ್ಟಾಗಿ ಕೊಂಡರು. ಅದರ ನಿಯಮವೇ ಹಾಗೆ, ಓಡಾಡುವವರ ತಲೆ ಎಣಿಸುವಂತಿಲ್ಲ, ಅರ್ಹರೆಲ್ಲರಿಗೂ ಕಟ್ಟಬೇಕು. ಮಾರ್ಗರೀಟ್‌ನ ಮಾರ್ಗಗಳು ಹೆಚ್ಚಿದವು. ರೈಲು ಇಳಿದವನನ್ನು ಮೇಜಿನವರೆಗೆ ತಲುಪಿಸದಿದ್ದರೆ ಆ ಪಾಸ್ ಕೊಂಡೂ ಪ್ರಯೋಜನವಿಲ್ಲವಲ್ಲ.

2002ರಲ್ಲಿ ಕ್ಯಾಂಪಸ್ಸಿಗೆ ಬರುವ ನೌಕರರಲ್ಲಿ ಶೇ. 72ರಷ್ಟು ಜನ ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಿದ್ದರು. ಮುಂದಿನ ಒಂದೂವರೆ ದಶಕದೊಳಗೆ ಅದು ಅರ್ಧದ ಆಸುಪಾಸಿಗೆ ಇಳಿಯಿತು. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ನಾವು ಕೂತಿದ್ದ ಬಸ್ಸಿನ ಖರ್ಚು ಆ ಇಪ್ಪತ್ತು ಲಕ್ಷ ಚದರಡಿಯ ಬೆಲೆಯ ಒಂದು ಭಾಗ. ಫೋನಿನಲ್ಲಿ ಇದನ್ನು ವಿವರಿಸಿದಾಗ ಅಮ್ಮ, "ಹಾಗಾದ್ರೆ ನಾವು ಹತ್ತಿದ್ದು ಅವರಿಗೆ ಉಪಕಾರವೇ ಆಯ್ತು ಅನ್ನು" ಎಂದರು. ಅಷ್ಟು ದೂರ ನಾನು ಯೋಚಿಸಿರಲಿಲ್ಲ.

ಈ ಲೆಕ್ಕದಲ್ಲಿ ತೂತುಗಳಿರಲಿಲ್ಲವೇ? ಇದ್ದವು, ಮತ್ತು ನನಗೆ ಅವು ಸಣ್ಣವೆನಿಸುವುದಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಎಣಿಸುತ್ತಿದ್ದದ್ದು ಎರಡು ಗಂಟೆ, ಅದೂ ಒಂದೊಂದು ದಿಕ್ಕಿನಲ್ಲಿ. ಆ ಗಂಟೆಗಿಂತ ಮುಂಚೆಯೋ ಆಮೇಲೋ ಬಂದ ಕಾರು ಪುಸ್ತಕಕ್ಕೆ ಬರುವುದಿಲ್ಲ. ಕ್ಯಾಂಪಸ್ಸಿನಲ್ಲೇ ವಾಸವಾಗಿದ್ದು ಬೆಳಿಗ್ಗೆ ಹೊರಗೆ ಕೆಲಸಕ್ಕೆ ಹೋಗುವವರ ಕಾರು ಎದುರು ದಿಕ್ಕಿನದು, ಅದೂ ಬರುವುದಿಲ್ಲ. ಅಡುಗೆಮನೆ, ಸ್ವಚ್ಛತೆ, ತೋಟದ ಕೆಲಸದವರು ಬೆಳಕು ಹರಿಯುವ ಮುಂಚೆ ದೂರದ ಊರುಗಳಿಂದ ಬರುತ್ತಾರೆ. ಆ ಹೊತ್ತಿಗೆ ರೈಲೂ ವಿರಳ, ಬಸ್ಸೂ ವಿರಳ. ಅವರ ಪ್ರಯಾಣ ಈ ಸುಂದರ ಲೆಡ್ಜರಿನಲ್ಲಿ ಸೊನ್ನೆ. ಲೆಕ್ಕಕ್ಕೆ ಯಾವ ಗಂಟೆ ಆರಿಸಿಕೊಳ್ಳುತ್ತೀರೋ ಆ ಗಂಟೆಯ ಜನರಿಗೇ ದುಡ್ಡು ಹರಿಯುತ್ತದೆ. ಈ ಮಾತು ಹೇಳುವಾಗ ನನಗೆ ಸ್ವಲ್ಪ ಮುಜುಗರವಿದೆ, ಯಾಕೆಂದು ಕೊನೆಗೆ ಹೇಳುತ್ತೇನೆ.

2016ರಲ್ಲಿ, ಅಂದರೆ ಅಮ್ಮ ಬಂದಿದ್ದ ವರ್ಷವೇ, ಸ್ಟ್ಯಾನ್‌ಫರ್ಡ್ ಮುಂದಿನ ಕಂತಿಗೆ ಅರ್ಜಿ ಹಾಕಿತು. ಇನ್ನೂ ಸುಮಾರು 22.75 ಲಕ್ಷ ಚದರಡಿ. ಈ ಬಾರಿ ಕೌಂಟಿ, ಪಕ್ಕದ ಊರುಗಳು, ಶಾಲಾ ಜಿಲ್ಲೆ ಎಲ್ಲರೂ ಹಳೆಯ ತೂತುಗಳನ್ನು ಬಲ್ಲವರಾಗಿದ್ದರು. ಎದುರು ದಿಕ್ಕನ್ನೂ ಎಣಿಸಿ, ಇಡೀ ದಿನವನ್ನೂ ಎಣಿಸಿ ಎಂಬ ಬೇಡಿಕೆ ಬಂತು. ನೌಕರರಿಗೆ ಹತ್ತಿರದಲ್ಲೇ ಮನೆ ಕಟ್ಟಿಕೊಡಿ ಎಂಬ ಬೇಡಿಕೆಯೂ ಬಂತು, ಅದೂ ಒಂದರ್ಥದಲ್ಲಿ ಸಾರಿಗೆಯದೇ ಬೇಡಿಕೆ. 2019ರಲ್ಲಿ ವಿಶ್ವವಿದ್ಯಾಲಯ 470 ಕೋಟಿ ಡಾಲರ್ ಮೌಲ್ಯದ ಸೌಲಭ್ಯಗಳ ಪ್ಯಾಕೇಜ್ ಮುಂದಿಟ್ಟಿತು. ಕೌಂಟಿಯ ಕಡೆಯಿಂದ ಬಂದ ಉತ್ತರ: ಇದರಲ್ಲಿ ಬಹುಪಾಲು ನೀವು ಹೇಗಿದ್ದರೂ ಮಾಡಲೇಬೇಕಾದದ್ದು, ಅದನ್ನೇ ಕೊಡುಗೆ ಎನ್ನುತ್ತೀರಲ್ಲ? ಮಾತುಕತೆ ಮುರಿಯಿತು. 2019ರ ನವೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಅರ್ಜಿಯನ್ನೇ ವಾಪಸ್ ಪಡೆಯಿತು.

ಒಂದೇ ಮೊತ್ತ. ಒಬ್ಬರು ಅದನ್ನು ಕೊಡುಗೆಯ ಕಾಲಂನಲ್ಲಿ ಬರೆದರು, ಇನ್ನೊಬ್ಬರು ಬಾಕಿಯ ಕಾಲಂನಲ್ಲಿ. ಈ ಕಾಲಂ ಜಗಳ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ಅದಕ್ಕೂ ಮುಂಚೆಯೇ ಎರಡು ಬಾರಿ ನಡೆದಿತ್ತು.

ಮೊದಲನೆಯದು ಮಾಂಟರೇ ಕೊಲ್ಲಿಯ ತೀರದ್ದು. ಅಲ್ಲಿ ಫೋರ್ಟ್ ಆರ್ಡ್ ಎಂಬ ದೊಡ್ಡ ಸೇನಾ ನೆಲೆಯಿತ್ತು. 1994ರಲ್ಲಿ ಅದು ಮುಚ್ಚಿತು. ಸಾವಿರಾರು ಸೈನಿಕರು ಹೋದ ಮೇಲೆ ಸುತ್ತಲಿನ ಊರುಗಳ ಅಂಗಡಿಗಳು ಬಣಗುಟ್ಟಿದವು. ಮರುವರ್ಷ ಆ ಜಾಗದ ಒಂದು ಭಾಗದಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಹೊಸ ಕ್ಯಾಂಪಸ್ ತೆರೆಯಿತು. 25,000 ವಿದ್ಯಾರ್ಥಿಗಳವರೆಗೆ ಬೆಳೆಯುವ ಯೋಜನೆ. ಅಷ್ಟು ಜನ ಬಂದರೆ ಸುತ್ತಲಿನ ರಸ್ತೆ, ನೀರು, ಅಗ್ನಿಶಾಮಕ ಎಲ್ಲಕ್ಕೂ ಹೊರೆ ಬೀಳುತ್ತದೆಂದು ವಿಶ್ವವಿದ್ಯಾಲಯದ ಪರಿಸರ ವರದಿಯೇ ಒಪ್ಪಿತು. ಆದರೆ ಟ್ರಸ್ಟಿಗಳು ಕೈ ಚೆಲ್ಲಿದರು. ನಮ್ಮ ಗೇಟಿನ ಹೊರಗಿನ ರಸ್ತೆ ನಮ್ಮದಲ್ಲ. ಅದಕ್ಕೆ ದುಡ್ಡು ಕೊಡಲು ನಮಗೆ ಅಧಿಕಾರವಿಲ್ಲ. ಕೊಟ್ಟರೆ ಅದು ಸಾರ್ವಜನಿಕ ಹಣದ ದಾನವಾಗುತ್ತದೆ, ರಾಜ್ಯದ ಸಂವಿಧಾನ ಅದನ್ನು ನಿಷೇಧಿಸುತ್ತದೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಬಾರದಲ್ಲ, ಆ ಧಾಟಿಯ ವಾದ.

ಪಕ್ಕದ ಮರೀನಾ ಎಂಬ ಸಣ್ಣ ಊರು ಮೊಕದ್ದಮೆ ಹೂಡಿತು. 2006ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ರಸ್ತೆಯನ್ನು ನೀವೇ ಹೋಗಿ ಕಟ್ಟಲಾಗದಿದ್ದರೆ, ಕಟ್ಟುವವರಿಗೆ ನಿಮ್ಮ ಪಾಲು ಕೊಡಬಹುದು. ನಿಮ್ಮ ಯೋಜನೆಯಿಂದಲೇ ಆದ ತೊಂದರೆಯನ್ನು ನೀಗಿಸಲು ಕೊಟ್ಟ ಹಣ ದಾನವಾಗುವುದಿಲ್ಲ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತೀರ್ಪಿನಲ್ಲಿ ಹಾಗೇ ಸುಮ್ಮನೆ ಒಂದು ಮಾತು ಬಂದಿತ್ತು: ಇಂಥ ಪಾಲು ಕೊಡುವ ಶಕ್ತಿ ಶಾಸಕಾಂಗ ಹಣ ಮಂಜೂರು ಮಾಡುವುದರ ಮೇಲೆ ನಿಂತಿದೆ ಎಂದು.

ಲೆಕ್ಕಪತ್ರದಲ್ಲಾಗಲಿ ಕಾನೂನಿನಲ್ಲಾಗಲಿ ಇಂಥ ಒಂದು ಸಾಲು ಸಾಕು, ಅದನ್ನು ಹಿಡಿದುಕೊಂಡು ಒಂಬತ್ತು ವರ್ಷ ದೂಡಬಹುದು. ಹಾಗೆಯೇ ಆಯಿತು. ಸ್ಯಾನ್ ಡಿಯೇಗೋದಲ್ಲಿ ಅದೇ ವ್ಯವಸ್ಥೆಗೆ ಸೇರಿದ ಸ್ಯಾನ್ ಡಿಯೇಗೋ ಸ್ಟೇಟ್ ಯೂನಿವರ್ಸಿಟಿ 25,000ದಿಂದ 35,000 ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಬೆಳೆಯಲು ಹೊರಟಿತ್ತು. 2005ರಲ್ಲಷ್ಟೇ ಆ ಕ್ಯಾಂಪಸ್ಸಿನ ಕೆಳಗೆ ಟ್ರಾಲಿ ರೈಲಿನ ಸುರಂಗ ನಿಲ್ದಾಣ ತೆರೆದಿತ್ತು. ಆ ಮಾರ್ಗದ ವೆಚ್ಚ ಸುಮಾರು 50 ಕೋಟಿ ಡಾಲರ್, ಸಾರ್ವಜನಿಕರ ಹಣ. ಈಗ ಇನ್ನೂ ಹತ್ತು ಸಾವಿರ ಜನ ಬಂದರೆ ರೈಲು, ಬಸ್ಸಿನ ಹೊರೆ ಯಾರದು ಎಂದು ಸಾರಿಗೆ ಸಂಸ್ಥೆಗಳು ಕೇಳಿದವು. ರಸ್ತೆ ಯಾರದು ಎಂದು ನಗರ ಕೇಳಿತು. ಟ್ರಸ್ಟಿಗಳ ಉತ್ತರ: ನಮ್ಮ ಪಾಲಿದೆ, ಒಪ್ಪುತ್ತೇವೆ, ಶಾಸಕಾಂಗ ಆ ಬಾಬ್ತಿಗೆಂದೇ ಹಣ ಕೊಟ್ಟರೆ ಕೊಡುತ್ತೇವೆ, ಕೊಡದಿದ್ದರೆ ನಮ್ಮ ಕೈಲಿಲ್ಲ, ಕ್ಯಾಂಪಸ್ ಮಾತ್ರ ಕಟ್ಟುತ್ತೇವೆ.

2015ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಹಿಂದಿನ ತೀರ್ಪಿನ ಆ ಒಂದು ಸಾಲು ನಿಮಗೆ ಆಶ್ರಯವಾಗುವುದಿಲ್ಲ ಎಂದಿತು. ಕಟ್ಟಡ ಕಟ್ಟಲು ಬೇರೆ ಬೇರೆ ಮೂಲಗಳಿಂದ ಹಣ ತರುತ್ತೀರಿ. ಆ ಕಟ್ಟಡದ ಪರಿಣಾಮ ನೀಗಿಸುವಾಗ ಮಾತ್ರ ಒಂದೇ ಮೂಲ, ಅದೂ ಬತ್ತಿದೆ ಎನ್ನುವುದು ಹೇಗೆ? ಯೋಜನೆಯ ವೆಚ್ಚ ಎಂದರೆ ಅದರ ಪರಿಣಾಮದ ವೆಚ್ಚವೂ ಸೇರಿ. ಮಾತು ನನ್ನದು, ಸಾರ ತೀರ್ಪಿನದು. ಕಾಂಟ್ರಾಕ್ಟರ್ ಬಿಲ್ಲಿಗೆ ಪ್ರಾವಿಷನ್ ಮಾಡಿ, ಪಕ್ಕದ ಬೀದಿಯ ಬಿಲ್ಲನ್ನು ಅಡಿಟಿಪ್ಪಣಿಗೆ ತಳ್ಳುವ ಬ್ಯಾಲೆನ್ಸ್ ಶೀಟಿಗೆ ನಾನಾದರೂ ಸಹಿ ಹಾಕುವುದಿಲ್ಲ.

ನಮ್ಮೂರಿನ ಮಾತು ಒಂದು ಗಳಿಗೆ. ಬೆಂಗಳೂರಿನಲ್ಲಿ ಇದೇ ಪ್ರಶ್ನೆ ವಿಶ್ವವಿದ್ಯಾಲಯದ ಬದಲು ಕಂಪನಿ ಕ್ಯಾಂಪಸ್ಸಿನ ರೂಪದಲ್ಲಿ ಬಂತು. 2018ರಲ್ಲಿ ಇನ್ಫೋಸಿಸ್ ಫೌಂಡೇಷನ್ ಕೋಣಪ್ಪನ ಅಗ್ರಹಾರದ ಮೆಟ್ರೋ ನಿಲ್ದಾಣಕ್ಕೆ 200 ಕೋಟಿ ರೂಪಾಯಿ ಕೊಡಲು ಮೆಟ್ರೋ ನಿಗಮದೊಂದಿಗೆ ಒಪ್ಪಂದ ಮಾಡಿಕೊಂಡಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು. ಸಿಲ್ಕ್ ಬೋರ್ಡಿನಲ್ಲಿ ಆಯುಸ್ಸು ಸವೆಸಿದ ನಮಗೆಲ್ಲ ಅದು ಸಂತೋಷದ ಸುದ್ದಿ. ಆ ಹಣ ಒಳ್ಳೆಯ ಕೆಲಸಕ್ಕೇ ಹೋಗಿದೆ. ಆದರೂ ಅದು ಫೌಂಡೇಷನ್ ಮನಸ್ಸು ಮಾಡಿ ಕೊಟ್ಟ ಹಣ. ಪಕ್ಕದಲ್ಲೇ ಇನ್ನೊಂದು ಕಂಪನಿ ಹತ್ತು ಸಾವಿರ ಜನಕ್ಕೆ ಮೇಜು ಹಾಕಿ ಒಂದು ರೂಪಾಯಿ ಕೊಡದಿದ್ದರೆ ಕೇಳಲು, ವರ್ಷ ವರ್ಷ ಗೇಟಿನಲ್ಲಿ ನಿಂತು ಕಾರು ಎಣಿಸುವ ಕಾಗದವೊಂದು ಇರಬೇಕಾಗುತ್ತದೆ. ದಾನಿಯ ಹೆಸರು ನಿಲ್ದಾಣದ ಗೋಡೆಯ ಮೇಲಿರಬಹುದು, ಬಾಕಿದಾರರ ಪಟ್ಟಿ ಎಲ್ಲಿರುತ್ತದೆ?

ಈಗ ಮುಜುಗರದ ವಿಷಯ.

ನಾನು ನಮ್ಮ ಸಂಘದ ಖಜಾಂಚಿಯಾಗಿ ಕೆಲವು ವರ್ಷ ಕೆಲಸ ಮಾಡಿದವನು. ಮೊದಲು ನಾವು ಒಂದು ಸಣ್ಣ ಸಭಾಂಗಣದಲ್ಲಿ ಸೇರುತ್ತಿದ್ದೆವು. ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿತ್ತು. ಸದಸ್ಯರು ಹೆಚ್ಚಾದರು. ಯುಗಾದಿಗೂ ರಾಜ್ಯೋತ್ಸವಕ್ಕೂ ಜಾಗ ಸಾಲದಾಯಿತು. ದೊಡ್ಡ ಹಾಲ್ ಹುಡುಕಿದೆವು. ಹೆದ್ದಾರಿಯ ಪಕ್ಕ, ನಾನೂರು ಕಾರು ನಿಲ್ಲುವ ಲಾಟ್. ಬಾಡಿಗೆ ದುಪ್ಪಟ್ಟು. ಪಾರ್ಕಿಂಗ್ ಫ್ರೀ ಎಂದು ಸುತ್ತೋಲೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದವನು ನಾನೇ. ಆ ಲಾಟಿನ ಬೆಲೆ ಬಾಡಿಗೆಯೊಳಗೆ ಕೂತಿದೆಯೆಂದು ಗೊತ್ತಿದ್ದೂ ಹಾಕಿದೆ.

ಸಮಿತಿಯಲ್ಲಿದ್ದ ಒಬ್ಬ ಹೆಣ್ಣುಮಗಳು, ಹೊಸದಾಗಿ ಬಂದ ವಿದ್ಯಾರ್ಥಿನಿ, ಸ್ಟೇಷನ್‌ನಿಂದ ಹಾಲ್‌ಗೆ ಎರಡು ಗಂಟೆ ಒಂದು ವ್ಯಾನ್ ಓಡಿಸೋಣ ಎಂದು ಕೇಳಿದಳು. ಕಾರಿಲ್ಲದ ವಿದ್ಯಾರ್ಥಿಗಳು, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ತಂದೆತಾಯಿಗಳು, ಒಂದೇ ಕಾರಿರುವ ಮನೆಯ ಹೆಂಗಸರು, ಇವರಿಗೆಲ್ಲ ಆಗುತ್ತದೆ ಎಂದಳು. ನಾನು ನನ್ನ ವೃತ್ತಿಯ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದೆ: "ಹಾಲ್ ವರೆಗೆ ಬರೋದು ಅವರವರ ಜವಾಬ್ದಾರಿ ಅಮ್ಮಾ. ಸಂಘದ ದುಡ್ಡನ್ನ ಹೀಗೆ ದಾನ ಮಾಡೋಕಾಗಲ್ಲ." ನಡಾವಳಿ ಪುಸ್ತಕದಲ್ಲಿ ಹಾಗೆಯೇ ದಾಖಲಾಗಿದೆ. ಮರೀನಾ ತೀರ್ಪನ್ನು ನಾನು ಓದಿದ್ದು ಅದಾದ ಎರಡು ವರ್ಷಕ್ಕೆ. ಟ್ರಸ್ಟಿಗಳ ವಾದ ಓದುತ್ತಿದ್ದಾಗ ಇದನ್ನೆಲ್ಲೋ ಕೇಳಿದ್ದೇನಲ್ಲ ಎನಿಸಿತು, ಆಮೇಲೆ ನೆನಪಾಯಿತು.

ಹಾಲ್ ಬದಲಾಯಿಸಿದ ವರ್ಷದ ಮತ್ತು ಹಿಂದಿನ ವರ್ಷದ ಹಾಜರಿ ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದು ಭಾನುವಾರ ಕೂತೆ. ಒಟ್ಟು ಸಂಖ್ಯೆ ಏರಿತ್ತು. ಅದನ್ನೇ ನಾನು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಹೆಸರು ಹೆಸರಾಗಿ ನೋಡಿದರೆ ಹಿಂದಿನ ಪುಸ್ತಕದಲ್ಲಿದ್ದ ಹಲವು ಸಹಿಗಳು ಕಾಣಲಿಲ್ಲ. ಕೆಲವು ನಡುಗುವ ಕೈಯ ಕನ್ನಡ ಸಹಿಗಳು. ಹಿಂದೆ ಪ್ರತಿ ಯುಗಾದಿಗೂ ಪಂಚಾಂಗ ಓದುತ್ತಿದ್ದ ಒಬ್ಬ ಹಿರಿಯರ ಸಹಿಯೂ ಇರಲಿಲ್ಲ. ಅವರ ಮಗ ಪ್ರತಿ ವಾರಾಂತ್ಯ ಆನ್‌ಕಾಲ್ ಡ್ಯೂಟಿಯಲ್ಲಿರುವ ಹುಡುಗ. ಅವರು ಮೊದಲು ರೈಲಿನಲ್ಲಿ ಬರುತ್ತಿದ್ದರಂತೆ. ಆ ವರ್ಷ ಪಂಚಾಂಗವನ್ನು ನಾವು ಯೂಟ್ಯೂಬಿನಿಂದ ಹಾಕಿದ್ದೆವು.

ಈ ವರ್ಷದ ಬಜೆಟ್ಟಿನ ಕರಡಿನಲ್ಲಿ ವ್ಯಾನಿನ ಸಾಲು ಸೇರಿದೆ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ, ಪ್ರತಿಯೊಂದಕ್ಕೂ ಮೂರು ಗಂಟೆ. ಹಣಕ್ಕಾಗಿ ಹಾಲ್‌ನ ಮುಂದಿನ ಸಾಲಿನ ಐವತ್ತು ಪಾರ್ಕಿಂಗ್ ಜಾಗಗಳಿಗೆ ತಲಾ ಐದು ಡಾಲರ್ ಇಡೋಣವೆಂದು ಸೂಚಿಸಿದ್ದೇನೆ. ಇದಕ್ಕೆ ಬಂದಿರುವ ಈಮೇಲುಗಳನ್ನು ಇಲ್ಲಿ ಓದಲಾರೆ, ಮಕ್ಕಳಿದ್ದಾರೆ. ಸಮಿತಿಯ ಒಬ್ಬ ಸ್ನೇಹಿತರು, ಒಳ್ಳೆಯ ಮನಸ್ಸಿನಿಂದಲೇ, ಒಂದು ದಾರಿ ತೋರಿಸಿದರು: "ಐದು ಡಾಲರ್ ಜಗಳ ಯಾಕೆ ಸಾರ್? ವ್ಯಾನಿನ ಖರ್ಚು ಪೂರ್ತಿ ನಾನೇ ಕೊಡ್ತೀನಿ, ಹಿರಿಯರ ಸೇವೆ ಅಂತ ಬ್ಯಾನರ್ ಹಾಕಿಬಿಡಿ." ಅವರಿಗೆ ಕೈ ಮುಗಿದೆ. ಕರಡಿನಲ್ಲಿ ಆ ಮೊತ್ತ ಇನ್ನೂ ಹಾಲ್ ಬಾಡಿಗೆಯ ಕೆಳಗೇ ಇದೆ, ಅದೇ ಶೀರ್ಷಿಕೆಯಲ್ಲಿ. ಮತಕ್ಕೆ ಹಾಕುವುದು ಮುಂದಿನ ತಿಂಗಳ ಎರಡನೇ ಶನಿವಾರ. ಸಭೆ ಹಳೆಯ ಹಾಲ್‌ನಲ್ಲಿ, ಸ್ಟೇಷನ್‌ನಿಂದ ಹತ್ತು ನಿಮಿಷ.